ಖಾಲಿ ಸೈಟಿನಲ್ಲಿ ಸುರಿದ ಊಟ

ಆಗ ನಮ್ಮ ಬೀದಿಯಲ್ಲಿ ಬೆಳಗಾಗುತ್ತಿದ್ದದ್ದೇ ನೀಲಗಿರಿ ಸೊಪ್ಪಿನ ವಾಸನೆಯಿಂದ. ವಿನೋಬನಗರದ ಯಾವ ಮನೆಯ ಮುಂದೆ ಹಾದರೂ ಒಳಗೆ ಯಾರೋ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದರು, ಇನ್ಯಾರೋ ಮೆಣಸು, ಜೀರಿಗೆ, ಶುಂಠಿ ಹಾಕಿ ಕಷಾಯ ಕುದಿಸುತ್ತಿದ್ದರು. ಬೆಳಗ್ಗೆಯೇ ಹಾಲು, ತರಕಾರಿ ತಂದು ಮುಗಿಸಬೇಕು. ಆಮೇಲೆ ಮೈಕ್ ಕಟ್ಟಿದ ಗಾಡಿ ಬಂದು, ಮನೆಯಿಂದ ಹೊರಗೆ ಬರಬೇಡಿ ಎಂದು ಕೂಗಿಕೊಂಡು ಹೋಯಿತೆಂದರೆ ಬೀದಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಕೊರೊನಾದ ಎರಡನೆಯ ಬೇಸಿಗೆ ಅದು. ನಾನು ಪರೀಕ್ಷೆ ಬರೆಯದೆಯೇ ಎಂಟನೆಯ ತರಗತಿ ಪಾಸಾಗಿದ್ದೆ. ಆಗ ನನ್ನ ಹಾಗೆ ಮಕ್ಕಳಾಗಿದ್ದವರಿಗೆ ನೆನಪಿರಬಹುದು, ನಮಗೆ ಅದು ರಜೆಯೂ ಹೌದು, ಹೆದರಿಕೆಯೂ ಹೌದು. ಸಂಜೆ ತಾರಸಿಯಿಂದ ತಾರಸಿಗೆ ಅಂತ್ಯಾಕ್ಷರಿ ಆಡುತ್ತಿದ್ದೆವು. ಅಷ್ಟರಲ್ಲಿ ಎಲ್ಲೋ ಆಂಬುಲೆನ್ಸ್ ಸದ್ದು ಕೇಳಿದರೆ ಹಾಡು ಅಲ್ಲಿಗೇ ನಿಲ್ಲುತ್ತಿತ್ತು.

ನನ್ನ ಗೆಳತಿ ನಯನಾಳ ಮನೆ ನಮ್ಮಿಂದ ಆರನೆಯದು, ಬೀದಿಯ ಕೊನೆಯದು. ಅದರ ಪಕ್ಕದಲ್ಲಿ ಒಂದು ಖಾಲಿ ಸೈಟು, ಮಧ್ಯದಲ್ಲಿ ಹೊಂಗೆ ಮರ. ಅವಳ ಅಪ್ಪ ಶಿವಮೊಗ್ಗ–ಭದ್ರಾವತಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ನಿಂತ ಮೇಲೆ ಮನೆಯಲ್ಲೇ ಇದ್ದರು. ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಯುಗಾದಿಗೆಂದು ಭದ್ರಾವತಿಯ ಹಳೇನಗರದಿಂದ ಬಂದಿದ್ದ ಅವಳ ಅಜ್ಜಿ, ಅಮ್ಮನ ಅಮ್ಮ, ವಾಪಸು ಹೋಗಲಾಗದೆ ಇಲ್ಲೇ ಉಳಿದಿದ್ದರು.

ಮೊದಲು ಜ್ವರ ಬಂದದ್ದು ಅವಳ ಅಪ್ಪನಿಗೆ. ನಾಲ್ಕು ದಿನಕ್ಕೆ ಅಮ್ಮನಿಗೂ ಉಸಿರಾಟ ಕಷ್ಟವಾಯಿತು. ಒಂದು ಮಧ್ಯಾಹ್ನ ಬಿಳಿ ಉಡುಪಿನವರು ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ನಾವೆಲ್ಲ ಕಿಟಕಿಯ ಪರದೆಯ ಸಂದಿನಿಂದ ನೋಡಿದೆವು. ಒಬ್ಬರೂ ಹೊರಗೆ ಬರಲಿಲ್ಲ. ನಯನಾಗೂ ಅಜ್ಜಿಗೂ ಪಾಸಿಟಿವ್ ಬಂತು. ಆದರೆ ಹೆಚ್ಚೇನೂ ಇಲ್ಲ, ಮನೆಯಲ್ಲೇ ಇರಿ ಎಂದರಂತೆ. ಗೇಟಿಗೆ ಒಂದು ಕಾಗದ ಅಂಟಿಸಿ, ಅಡ್ಡಡ್ಡ ಟೇಪು ಕಟ್ಟಿದರು. ಎರಡೇ ದಿನಕ್ಕೆ ಅವರ ಮನೆಯ ಗ್ಯಾಸ್ ಮುಗಿಯಿತು. ಸಿಲಿಂಡರ್ ತರುವವನು ಆ ಕಾಗದ ನೋಡಿ ಹಾಗೇ ಗಾಡಿ ತಿರುಗಿಸಿಕೊಂಡು ಹೋದ.

ನನ್ನ ಅಮ್ಮನಿಗೆ ಇದು ಗೊತ್ತಾದದ್ದು ಅಜ್ಜಿಯ ಸಣ್ಣ ಫೋನಿಗೆ ಕರೆ ಮಾಡಿದಾಗ. ಫೋನ್ ಇಟ್ಟವಳೇ ಕುಕ್ಕರಿಗೆ ಇನ್ನೊಂದು ಪಾವು ಅಕ್ಕಿ ಹಾಕಿದಳು.

"ಇವತ್ತಿಂದ ಎರಡು ಹೊತ್ತೂ ಅವರಿಗೆ ನಮ್ಮನೆ ಊಟ. ನೀನೇ ತಗೊಂಡು ಹೋಗ್ಬೇಕು ಚೈತ್ರಾ" ಎಂದಳು.

"ನಾನಾ?"

"ಮತ್ತಿನ್ಯಾರು? ನಾನು ದಿನಾ ತಾತನ್ನ ಎತ್ತಿ ಕೂರಿಸ್ಬೇಕು, ಮೈ ಒರೆಸ್ಬೇಕು. ನಿಮ್ಮಪ್ಪಂಗೆ ಚೆಕ್‌ಪೋಸ್ಟ್ ಡ್ಯೂಟಿ. ಮಾಸ್ಕ್ ಹಾಕ್ಕೊ, ಏನೂ ಆಗಲ್ಲ."

ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಆ ದಿನಗಳಲ್ಲಿ ಮೇಷ್ಟ್ರುಗಳನ್ನೂ ರಸ್ತೆಯಲ್ಲಿ ನಿಲ್ಲಿಸಿ ಗಾಡಿ ತಪಾಸಣೆಗೆ ಹಾಕಿದ್ದರು. ತಾತ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಹಾಗಾಗಿ ನಾನೇ ಹೊರಟೆ.

ಅಮ್ಮ ಹೇಳಿಕೊಟ್ಟ ರೀತಿ ಹೀಗಿತ್ತು: ಅವರ ಗೇಟಿನ ಹೊರಗೆ ಒಂದು ಸ್ಟೂಲು. ಅದರ ಮೇಲೆ ನಯನಾ ತನ್ನ ಮನೆಯ ಪಾತ್ರೆಗಳನ್ನು ಇಟ್ಟು ಒಳಗೆ ಹೋಗಿರಬೇಕು. ನಾನು ಅವಕ್ಕೆ ತಾಗಿಸದೆ ನನ್ನ ಕ್ಯಾರಿಯರಿನಿಂದ ಅನ್ನ, ಸಾರು, ಪಲ್ಯ ಬಗ್ಗಿಸಿ, ಒಂದು ಕೂಗು ಹಾಕಿ ಬರಬೇಕು. ಬಂದ ಮೇಲೆ ಹಿತ್ತಲಲ್ಲೇ ಕೈಕಾಲು ತೊಳೆದು ಬಟ್ಟೆ ಬದಲಿಸಬೇಕು.

ಮೊದಲ ಮೂರು ದಿನ ಸರಿಯಾಗಿಯೇ ನಡೆಯಿತು. ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ತಾರಸಿಯ ಮೇಲೆ ನಿಂತ ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. ಗೇಟಿನಾಚೆ ಬಾಗಿಲಲ್ಲಿ ನಿಂತ ನಯನಾ, "ಏನೇ ಇವತ್ತು?" ಎಂದರೆ ನಾನು ಹೋಟೆಲ್ ಮಾಣಿಯ ಹಾಗೆ, "ತೊಂಡೆಕಾಯಿ ಪಲ್ಯ, ಹುರುಳಿ ಸಾರು, ಬೇಕಾದ್ರೆ ಮಾವಿನಕಾಯಿ ಚಟ್ನಿ" ಎಂದು ಒದರುತ್ತಿದ್ದೆ. ಅವಳು ನಗುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಸಾರು ಬಗ್ಗಿಸುತ್ತಿರುವಾಗಲೇ ಅವಳು ಮೆಟ್ಟಿಲಿಳಿದು ಗೇಟಿನವರೆಗೆ ಬಂದುಬಿಟ್ಟಳು. ಮಾಸ್ಕ್ ಗಲ್ಲದ ಕೆಳಗಿತ್ತು. ಕಣ್ಣು ಊದಿಕೊಂಡಿತ್ತು.

"ಚೈತ್ರಾ, ಒಂದು ಸ್ವಲ್ಪ ಹೊತ್ತು ನಿಂತ್ಕೊಳೇ. ಅಪ್ಪಂಗೆ ಆಕ್ಸಿಜನ್ ಹಾಕಿದಾರಂತೆ…" ಎಂದವಳಿಗೆ ಕೆಮ್ಮು ಬಂತು. ಕಂಬಿ ಹಿಡಿದು ಬಗ್ಗಿ ಕೆಮ್ಮಿದಳು.

ನಾನು ಹಿಂದೆ ಸರಿದೆ. ಕ್ಯಾರಿಯರ್ ಎತ್ತಿಕೊಂಡು ಓಡಿದೆ. ಎದುರು ಮನೆಯ ಆಂಟಿ ಮೇಲಿನಿಂದ ನೋಡುತ್ತಿದ್ದರು. "ಅಯ್ಯೋ ಮಾರಾಯ್ತಿ, ಅಷ್ಟು ಹತ್ರ ಹೋಗ್ತೀಯಲ್ಲ, ಗಾಳೀಲೇ ಬರುತ್ತಂತೆ! ನಿಮ್ಮ ತಾತಂಗೆ ಅಂಟಿಸಿದ್ರೆ ಏನ್ ಗತಿ?" ಎಂದರು.

ಅವತ್ತು ಹಿತ್ತಲಲ್ಲಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದೆ. ಸ್ಯಾನಿಟೈಸರ್ ಮುಖಕ್ಕೂ ಬಳಿದುಕೊಂಡೆ. ಉರಿ ಹತ್ತಿತು. ಗಂಟಲು ಕೆರೆದಂತೆ ಅನ್ನಿಸಿತು. ಅಮ್ಮನಿಗೆ ಒಂದು ಮಾತು ಹೇಳಿದ್ದರೆ ಬೇರೆ ದಾರಿ ಹುಡುಕುತ್ತಿದ್ದಳು. ಹೇಳಲಿಲ್ಲ. ಬೀದಿಯವರೆಲ್ಲ ಅಷ್ಟು ಹೊತ್ತಿಗೆ ನನ್ನನ್ನು ಧೈರ್ಯವಂತೆ ಎನ್ನುತ್ತಿದ್ದರು, ಆ ಹೊಗಳಿಕೆಯೂ ನನಗೆ ಬೇಕಾಗಿತ್ತು.

ಸಂಜೆ ಕ್ಯಾರಿಯರ್ ಹಿಡಿದು ಹೊರಟವಳು ಅವರ ಗೇಟಿನ ಕಡೆ ತಿರುಗಲೇ ಇಲ್ಲ. ಖಾಲಿ ಸೈಟಿಗೆ ಇಳಿದು ಹೊಂಗೆ ಮರದ ಹಿಂದೆ ಎಲ್ಲವನ್ನೂ ಸುರಿದೆ. ಒಂದು ಕಂದು ಬಣ್ಣದ ನಾಯಿ ಓಡಿ ಬಂತು. ಐದು ನಿಮಿಷ ಅಲ್ಲೇ ನಿಂತಿದ್ದು ಮನೆಗೆ ಹೋದೆ.

"ತಗೊಂಡ್ರಾ?" ಎಂದಳು ಅಮ್ಮ.

"ಹ್ಞೂಂ."

ಇಷ್ಟು ಸುಲಭವೇ ಎನ್ನಿಸಿತು. ಮರುದಿನ ಮಧ್ಯಾಹ್ನ ಮತ್ತೆ ಸುರಿದೆ. ರಾತ್ರಿಯ ಊಟವನ್ನೂ ಸುರಿದೆ. ಅದರ ಮರುದಿನ ಮಧ್ಯಾಹ್ನ ಹೋದಾಗ ಆ ನಾಯಿ ಹೊಂಗೆ ಮರದ ಕೆಳಗೆ ಬಾಲ ಅಲ್ಲಾಡಿಸುತ್ತಾ ನನಗಾಗಿ ಕಾಯುತ್ತಿತ್ತು. ಅಂದು ಅಮ್ಮ ಬೀನ್ಸ್ ಪಲ್ಯಕ್ಕೆ ಕಾಯಿ ಹೆಚ್ಚಿಗೆ ಹಾಕಿದ್ದಳು, ಅಜ್ಜಿಗೆ ಬಾಯಿರುಚಿ ಕೆಟ್ಟಿರಬಹುದು ಎಂದು ನಿಂಬೆಹಣ್ಣಿನ ತಿಳಿಸಾರು ಬೇರೆ ಮಾಡಿದ್ದಳು. ನಾಯಿ ಪಲ್ಯ ತಿಂದಿತು, ಸಾರು ಮಣ್ಣಿಗೆ ಇಂಗಿತು.

ನಾನು ಬಂದು ಬಟ್ಟೆ ಬದಲಿಸಿ ಊಟಕ್ಕೆ ಕುಳಿತಿದ್ದೆ. ಅಮ್ಮ ತಾತನಿಗೆ ಗಂಜಿ ಕುಡಿಸುತ್ತಾ ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜಿಯ ನಂಬರಿಗೆ ಕರೆ ಮಾಡಿದಳು. ಎತ್ತಿದ್ದು ನಯನಾ.

"ಊಟ ಬಂತೇನೇ ಪುಟ್ಟಿ?"

"ಬಂತು ಆಂಟಿ."

"ಪಲ್ಯ ಖಾರ ಆಯ್ತಾ?"

"ಇಲ್ಲ ಆಂಟಿ. ಚೆನ್ನಾಗಿತ್ತು. ಅಜ್ಜೀನೂ ತಿಂದ್ರು."

"ತಿನ್ನಿ ತಿನ್ನಿ. ಇನ್ನೇನು ಬೇಕಾದ್ರೂ ಸಂಕೋಚ ಇಲ್ದೆ ಕೇಳು" ಎಂದು ಅಮ್ಮ ಫೋನ್ ಇಟ್ಟು ನನ್ನ ಕಡೆ ನೋಡಿ ನಕ್ಕಳು. "ಪಾಪ, ಎಂಥ ಮಗು ನೋಡು" ಎಂದಳು. ನಾನು ತಟ್ಟೆಯ ಮುಂದಿನಿಂದ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸಂಜೆಯಾಗುವವರೆಗೆ ಕಾಯಲು ಆಗಲಿಲ್ಲ. ಹಸಿವೆಂದು ಸುಳ್ಳು ಹೇಳಿ ನಾಲ್ಕಕ್ಕೇ ಉಪ್ಪಿಟ್ಟು ಮಾಡಿಸಿದೆ, ಅವರಿಗೂ ಕೊಟ್ಟು ಬರುತ್ತೇನೆಂದು ಡಬ್ಬಿ ಹಿಡಿದು ಹೊರಟೆ. ಸ್ಟೂಲಿನ ಮೇಲೆ ಪಾತ್ರೆಗಳಿರಲಿಲ್ಲ. ಎಷ್ಟು ಹೊತ್ತಿನಿಂದ ಇರಲಿಲ್ಲವೋ, ಯಾವಾಗ ಇಡುವುದನ್ನು ಬಿಟ್ಟಳೋ ನನಗೆ ಗೊತ್ತಿಲ್ಲ. ಗೇಟು ಅಲ್ಲಾಡಿಸಿ ಕೂಗಿದೆ. ನಯನಾ ಎರಡು ಬಟ್ಟಲು ಹಿಡಿದು ಬಂದಳು, ಸ್ಟೂಲಿನ ಮೇಲಿಟ್ಟು ಮೆಟ್ಟಿಲವರೆಗೆ ಹಿಂದೆ ಹೋಗಿ ನಿಂತಳು. ಈ ಸಲ ಮಾಸ್ಕ್ ಮೂಗಿನ ಮೇಲಿತ್ತು.

ನಾನು ಉಪ್ಪಿಟ್ಟು ಹಾಕಿದೆ.

"ಇಷ್ಟು ದಿನ ಏನ್ ತಿಂದ್ರಿ?"

"ಅವಲಕ್ಕಿ ಇತ್ತು. ನೀರಲ್ಲಿ ನೆನೆಸಿ ಉಪ್ಪು ಹಾಕ್ಕೊಂಡ್ವಿ." ಒಳಗಡೆ ನೋಡಿ ಮತ್ತೆ ಹೇಳಿದಳು: "ಅಜ್ಜಿಗೆ ಶುಗರ್ ಅಲ್ವಾ. ಮಾತ್ರೆ ತಗೊಂಡ್ರು, ಅವಲಕ್ಕಿ ಸೇರ್ಲಿಲ್ಲ. ನಿನ್ನೆ ಬಚ್ಚಲ ಹತ್ರ ತಲೆ ತಿರುಗಿ ಬಿದ್ರು. ಸಕ್ಕರೆ ನೀರು ಕುಡಿಸ್ದೆ."

"ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಲೆಕ್ಕದ ಮೇಷ್ಟ್ರು ಕೇಳಿದ ಪ್ರಶ್ನೆಗೆ ಯೋಚಿಸಿ ಉತ್ತರ ಹೇಳುವ ಹಾಗೆ ಹೇಳಿದಳು:

"ಹೇಳಿದ್ರೆ ಆಂಟಿ ನಿನ್ನ ಬೈತಿದ್ರು. ಆಮೇಲೆ ನೀವು ಪೂರ್ತಿ ಬರೋದೇ ಬಿಟ್ಬಿಟ್ರೆ?"

ಅವಳು ನನ್ನನ್ನು ಕಾಪಾಡಿದಳು ಎಂದುಕೊಂಡಿದ್ದೆ. ಹದಿಮೂರು ವರ್ಷದ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲಿ, ಮುಂದಿನ ತುತ್ತಿಗಾಗಿ ನನ್ನಂಥವಳಿಗೆ ಹೆದರಿಕೊಂಡಿದ್ದಳು. ನಾನು ಡಬ್ಬಿ ಮುಚ್ಚಿಕೊಂಡು ತಿರುಗಿದಾಗ ಹಿಂದಿನಿಂದ ಕೇಳಿದಳು, "ರಾತ್ರಿ ಬರ್ತೀಯಲ್ಲ?"

ಆಮೇಲೆ ಒಂದು ಹೊತ್ತೂ ತಪ್ಪಿಸಲಿಲ್ಲ. ಅದನ್ನು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ.

ನಯನಾಳ ಅಪ್ಪ ವಾಪಸು ಬರಲಿಲ್ಲ. ದೇಹವನ್ನೂ ಮನೆಗೆ ತರಲಿಲ್ಲ. ಅವಳ ಅಮ್ಮ ಹದಿನೈದು ದಿನದ ಮೇಲೆ ಒಬ್ಬರೇ ಬಂದು ಆಟೋದಿಂದ ಇಳಿದಾಗ ಗೇಟಿನ ಟೇಪು ಇನ್ನೂ ಒಂದು ಕಡೆ ಜೋತಾಡುತ್ತಿತ್ತು. ಬಾಡಿಗೆ ಮನೆ ಬಿಟ್ಟು ಮೂವರೂ ಭದ್ರಾವತಿಗೆ ಹೋಗುವುದೆಂದು ತೀರ್ಮಾನವಾಯಿತು. ಹೊರಡುವ ದಿನ ಅಜ್ಜಿ ನಮ್ಮ ಮನೆಯ ಅಂಗಳಕ್ಕೆ ಬಂದರು. ಬಿದ್ದಾಗ ಹಣೆಗಾದ ಗಾಯ ಒಣಗಿ ಕಲೆಯಾಗಿತ್ತು. ಅಮ್ಮನ ಕೈಯಲ್ಲಿ ಒಂದು ಕುಪ್ಪಸದ ಬಟ್ಟೆ ಇಟ್ಟು, ನನ್ನ ಕೆನ್ನೆ ಸವರಿದರು.

"ನೀವು ಇಲ್ದಿದ್ರೆ ನಾವಿಬ್ರೂ ಏನಾಗ್ತಿದ್ವೋ ತಾಯಿ. ಈ ಮಗು ಹೆದರ್ದೇ ಎರಡು ಹೊತ್ತೂ ಬಂತಲ್ಲ, ದೇವ್ರು ಇದನ್ನ ಚೆನ್ನಾಗಿಟ್ಟಿರ್ಲಿ."

ಅಜ್ಜಿಗೆ ಗೊತ್ತಿರಲಿಲ್ಲ. ಆ ಎರಡು ದಿನ ಊಟ ಯಾಕೆ ಬರಲಿಲ್ಲವೆಂಬುದಕ್ಕೆ ನಯನಾ ಅವರಿಗೇನು ಕಾರಣ ಹೇಳಿದ್ದಳೋ. ಅವಳು ತನ್ನ ಅಮ್ಮನ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ನಾನು ಬಾಯಿ ಬಿಡಬಹುದಿತ್ತು. ಬದಲಿಗೆ ಬಗ್ಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದೆ. ಎಲ್ಲರಿಗೂ ಅದು ವಿನಯದಂತೆ ಕಂಡಿತು.

ಅಮ್ಮನಿಗೆ ಇದನ್ನು ಹೇಳಲು ನಾಲ್ಕು ವರ್ಷ ಬೇಕಾಯಿತು. ಹೇಳಿದ್ದು ಕಳೆದ ವರ್ಷ, ಪಿಯುಸಿ ಮುಗಿದ ಮೇಲೆ, ಸೊಪ್ಪು ಬಿಡಿಸುತ್ತಾ ಕೂತಿದ್ದಾಗ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು.

"ತಾತನ ನೆಪ ಹೇಳಿ ನಿನ್ನ ಕಳ್ಸಿದ್ದು ನಾನು. ನಂಗೂ ಹೆದ್ರಿಕೆ ಇತ್ತು ಕಣೇ. ನಾನೇ ಹೋಗ್ಬೇಕಿತ್ತು" ಎಂದಳು. ಆಮೇಲೆ, "ಹೋಗಿ ಆ ಹುಡುಗೀಗೆ ಹೇಳು" ಎಂದಳು.

ಹೋದೆ. ಹಳೇನಗರದ ಗಲ್ಲಿಯಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೊಲಿಗೆ ಮಷೀನಿನ ಸದ್ದು ರಸ್ತೆಗೇ ಕೇಳುತ್ತಿತ್ತು. ಅಜ್ಜಿ ಒಳಗೆ ಮಲಗಿದ್ದರು. ನಯನಾ ಎತ್ತರವಾಗಿದ್ದಳು, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಸೇರುತ್ತಿದ್ದೇನೆ ಎಂದಳು. ಇಬ್ಬರೂ ಭದ್ರಾ ನದಿಯ ಸೇತುವೆಯವರೆಗೆ ನಡೆದೆವು. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದದ್ದನ್ನು ಅಲ್ಲಿ ನಿಂತು ಹೇಳಿ ಮುಗಿಸಿದೆ. ಭಯವಾಗಿತ್ತು, ಚಿಕ್ಕವಳಿದ್ದೆ, ಕ್ಷಮಿಸು ಎಂದೆ.

ಅವಳು ಪೂರ್ತಿ ಕೇಳಿದಳು.

"ಒಂದು ಕೇಳ್ತೀನಿ. ಎರಡನೇ ದಿನ ನೀನು ಆ ನಾಯಿಗೆ ಹಾಕ್ತಾ ನಮ್ಮ ಕಿಟಕಿ ಕಡೆ ತಿರುಗಿ ನೋಡ್ದೆ. ನಾನು ಅಲ್ಲೇ ನಿಂತಿದ್ದೆ. ನಿಂಗೆ ಕಾಣಿಸ್ದೆ ಅಲ್ವಾ?"

ಇಲ್ಲಿಯವರೆಗೆ ಬರೆದರೂ ಆ ಒಂದು ಸಂಗತಿಯನ್ನು ನಾನು ಬಿಟ್ಟಿದ್ದೆ. ಅಮ್ಮನಿಗೂ ಹೇಳಿರಲಿಲ್ಲ. ಕಿಟಕಿಯ ಸರಳು ಹಿಡಿದು ಅವಳು ನಿಂತದ್ದು ನನಗೆ ಕಂಡಿತ್ತು. ಕಂಡ ಮೇಲೂ ಕ್ಯಾರಿಯರಿನ ಕೊನೆಯ ಡಬ್ಬಿ ತೆಗೆದು ಸುರಿದಿದ್ದೆ.

"ಹೌದು, ಕಾಣಿಸ್ದೆ" ಎಂದೆ.

"ಹ್ಞೂಂ. ನಂಗೆ ಅದೊಂದೇ ಗೊತ್ತಾಗ್ಬೇಕಿತ್ತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬಸ್ಸು ಐದೂವರೆಗೆ ಇದೆ, ಆಮೇಲೆ ರಶ್ ಆಗುತ್ತೆ" ಎಂದು ನನ್ನನ್ನು ಬಿಡಲು ನಿಲ್ದಾಣದವರೆಗೆ ಬಂದಳು. ಸೀಟು ಸಿಗುವವರೆಗೆ ನಿಂತಿದ್ದಳು.

ಈಗ ನಾವು ಹಬ್ಬಕ್ಕೆ ಮೆಸೇಜು ಕಳಿಸಿಕೊಳ್ಳುತ್ತೇವೆ. ಅವಳು ಮರೆಯದೆ ಉತ್ತರಿಸುತ್ತಾಳೆ, ಅಮ್ಮ ಹೇಗಿದ್ದಾರೆ ಎಂದು ವಿಚಾರಿಸುತ್ತಾಳೆ. ಆ ಬೇಸಿಗೆಯಲ್ಲಿ ಜೀವ ಕಳೆದುಕೊಂಡವರ ಮುಂದೆ ನನ್ನ ನಷ್ಟ ಯಾವ ಲೆಕ್ಕಕ್ಕೂ ಇಲ್ಲ, ಅದು ನನಗೆ ಗೊತ್ತು. ಆದರೂ ಒಂದು ಕಾಲದಲ್ಲಿ ಒಬ್ಬಳು ನನ್ನನ್ನು, ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಸ್ವಲ್ಪ ಹೊತ್ತು ನಿಂತ್ಕೊಳೇ ಎಂದು ಕರೆದಿದ್ದಳು. ಆಮೇಲೆ ಎಂದೂ ಅವಳು ನನ್ನನ್ನು ಹಾಗೆ ಕರೆದಿಲ್ಲ.