ಕಾಕಾನ ಬಟಾಣಿ, ಕಡಕ್ ರೊಟ್ಟಿ

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನನ್ನ ಓದು ನಿಂತಿತು. ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ ಕಲಿತದ್ದು. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಇದನ್ನು ಬರೆಯಲು ಕೂತದ್ದು ಒಂದು ದೊನ್ನೆ ಬಟಾಣಿಯಿಂದ. ಹೋದ ವಾರ ತುಮಕೂರು ರಸ್ತೆಯ ಛತ್ರವೊಂದರಲ್ಲಿ ನೆಂಟರ ಮದುವೆಯಿತ್ತು. ಊಟದ ಹಾಲಿನ ಮೂಲೆಯಲ್ಲಿ ಮಸಾಲೆ ಪುರಿ ಹಾಕಿಕೊಡುತ್ತಿದ್ದರು. ಅಗಲವಾದ ಪಾತ್ರೆಯಲ್ಲಿ ಹಸಿರು ಬಟಾಣಿ ಅರ್ಧ ಕಾಳಾಗಿ, ಅರ್ಧ ಹಿಟ್ಟಾಗಿ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ನಿಂತವರು "ಏನ್ ಘಮ ಕಣ್ರೀ" ಅಂದರು. ನಾನೂ ಹೂಂ ಅಂದೆ. ನನಗೆ ಕಂಡದ್ದು ಆವಿ ಮಾತ್ರ. ಆ ಆವಿಯ ಹಿಂದೆ ಕಾಕಾ ನಿಂತ ಹಾಗಾಯಿತು...

ಕಾಕಾ ನನಗೆ ನೆಂಟರಲ್ಲ. ಗದಗದ ಕಡೆಯವರು. ಪೀಣ್ಯದಲ್ಲಿ ನಾನು ಕೆಲಸಕ್ಕೆ ಸೇರಿದ ಪ್ಲೇಟಿಂಗ್ ಶಾಪಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಬೈಕಿನ ಹ್ಯಾಂಡಲ್ಲು, ಸೈಲೆನ್ಸರ್, ನಲ್ಲಿ ಇಂಥವಕ್ಕೆ ಹೊಳಪು ಹತ್ತಿಸುವ ಜಾಗ ಅದು. ಉದ್ದಕ್ಕೆ ಟ್ಯಾಂಕುಗಳ ಸಾಲು, ಕೊನೆಯದು ಕ್ರೋಮಿನದು. ಕರೆಂಟು ಹಾಯಿಸಿದರೆ ಅದರೊಳಗಿನ ಕೆಂಪು ನೀರು ನೊರೆಯೇಳುತ್ತಿತ್ತು, ಮೇಲೆ ಹಳದಿ ಆವಿ ಏಳುತ್ತಿತ್ತು. ಆ ಟ್ಯಾಂಕಿನ ಮುಂದೆ ಕಾಕಾ ಹತ್ತು ವರ್ಷಕ್ಕೂ ಮೇಲೆ ನಿಂತಿದ್ದರು. ಆವಿ ಅವರ ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ತಿಂದು ತೂತು ಮಾಡಿತ್ತು. ವಾಸನೆ ತಿಳಿಯುವುದೇ ಪೂರ್ತಿ ನಿಂತುಹೋಗಿತ್ತು. ನಾನು ಸೇರುವ ಹೊತ್ತಿಗೆ ಅವರು ಕೆಲಸ ಬಿಟ್ಟು, ಅದೇ ಗೇಟಿನ ಆಚೆ ತಳ್ಳುಗಾಡಿಯಲ್ಲಿ ಬಟಾಣಿ ಮಾರುತ್ತಿದ್ದರು.

ಅಂಥ ಬಟಾಣಿಯನ್ನು ನಾನು ಮತ್ತೆ ತಿಂದಿಲ್ಲ. ಶುಂಠಿ, ಹಸಿಮೆಣಸು, ಕೊತ್ತಂಬರಿ ಅರೆದು ಹಾಕಿ, ಹುಣಸೆರಸ ಬಿಟ್ಟು, ಮರದ ಸೌಟಿನ ಬೆನ್ನಲ್ಲಿ ಒತ್ತುತ್ತಿದ್ದರು. ಪೂರ್ತಿ ಮಸೆಯುತ್ತಿರಲಿಲ್ಲ. ನಾಲಿಗೆಗೆ ಅಲ್ಲೊಂದು ಇಲ್ಲೊಂದು ಇಡೀ ಕಾಳು ಸಿಗಬೇಕು, ಸಿಕ್ಕರೂ ಹಲ್ಲಿಗೆ ಕೆಲಸ ಕೊಡಬಾರದು. ಅದರ ಜೊತೆ ಏನು ತಿನ್ನಬೇಕು ಅನ್ನುವುದಕ್ಕೆ ಆ ಗಾಡಿಯ ಸುತ್ತ ದಿನವೂ ಜಗಳ. ಪುರಿ ಮುರಿದು ಹಾಕಿಸಿಕೊಳ್ಳುವವರು ಒಂದು ಕಡೆ. ಬೇಕರಿಯ ಬನ್ನನ್ನು ಸೀಳಿ, ನಡುವೆ ಬಟಾಣಿ ತುಂಬಿ ತಿನ್ನುವವರು ಇನ್ನೊಂದು ಕಡೆ. ಗ್ರೈಂಡಿಂಗ್ ಕೆಲಸದ ತಮಿಳರೊಬ್ಬರು ಟಿಫನ್ ಡಬ್ಬಿಯ ಅನ್ನಕ್ಕೇ ಸುರಿಸಿಕೊಳ್ಳುತ್ತಿದ್ದರು. ಆದರೆ ಕಾಕಾ ಇಡುತ್ತಿದ್ದುದರಲ್ಲಿ ರಾಜ ಅಂದರೆ ಕಡಕ್ ಜೋಳದ ರೊಟ್ಟಿ. ಮುರಿದು ದೊನ್ನೆಯಲ್ಲಿ ಹಾಕಿ, ಮೇಲೆ ಬಿಸಿ ಬಟಾಣಿ ಸುರಿದು, ಹಸಿ ಈರುಳ್ಳಿ, ಶೇಂಗಾ ಚಟ್ನಿಪುಡಿ ಉದುರಿಸಿ, ನಿಂಬೆ ಹಿಂಡಿ ಕೊಡುತ್ತಿದ್ದರು. ರೊಟ್ಟಿ ಒಂದು ಕಡೆ ನೆನೆದು, ಇನ್ನೊಂದು ಕಡೆ ಕರುಂ ಅನ್ನುವಾಗಲೇ ತಿಂದುಬಿಡಬೇಕು.

"ಪುರಿ ಸಾಹೇಬ್ರಿಗೆ, ಬನ್ನು ಹಲ್ಲಿಲ್ಲದಾವ್ರಿಗೆ. ದುಡ್ಯಾವ್ರು ರೊಟ್ಟಿ ತಿನ್ರಪಾ" ಅನ್ನುತ್ತಿದ್ದರು.

"ಏನ್ ಕಾಕಾ, ಬಟಾಣಿ ಇಂಗೆ ಹೊಳೀತೈತೆ. ಕ್ರೋಮ್ ಗೀಮ್ ಹಾಕಿದ್ದೀಯಾ?" ಅಂತ ಪೀಸುಗಳನ್ನು ಉಜ್ಜಿ ನಯ ಮಾಡುವ ನಮ್ಮ ಬಫಿಂಗಿನವನೊಬ್ಬ ಕಾಲೆಳೆದರೆ, "ಎಣ್ಣಿ ಲೇ ಅದು. ನಿನ್ನ ತೆಲಿಗೆ ಹಚ್ಚಿದ್ರ ಅದೂ ಹೊಳಿತೈತಿ" ಅನ್ನುತ್ತಿದ್ದರು. ಅವನ ತಲೆ ಬೋಳು. ಎಲ್ಲರೂ ನಗುತ್ತಿದ್ದರು.

ಮೂಗಿಲ್ಲದ ಮನುಷ್ಯ ಅಡುಗೆ ಹೇಗೆ ಮಾಡುತ್ತಿದ್ದರು ಅಂದರೆ, ಮೂಗು ಅವರ ಹೆಂಡತಿಯದು. ನಾವಿದ್ದದ್ದು ದಾಸರಹಳ್ಳಿಯ ಒಂದೇ ವಠಾರದಲ್ಲಿ. ಆಕೆಯನ್ನು ನಾನು ಗದಗದ ಕಡೆಯವರ ಹಾಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಸಂಜೆಯೇ ಬಟಾಣಿ ಬೇಯಿಸಿ ಮುಚ್ಚಿಡುತ್ತಿದ್ದರು. ಬೆಳಗಾಗುತ್ತಲೇ ಚಿಗವ್ವ ಮುಚ್ಚಳ ತೆಗೆದು ಬಗ್ಗಿ ಮೂಸುವರು. ಕಾಕಾ ಪಕ್ಕದಲ್ಲಿ ಸೌಟು ಹಿಡಿದು, ಪರೀಕ್ಷೆಗೆ ನಿಂತವರ ಹಾಗೆ ಕಾಯುವರು. ಚಿಗವ್ವ ತಲೆಯಾಡಿಸಿದರೆ ಒಗ್ಗರಣೆ. ಮೂಗು ಮುರಿದರೆ ಇಡೀ ಪಾತ್ರೆ ಮೋರಿಗೆ, ಅವತ್ತು ಗಾಡಿಯಿಲ್ಲ. ಉಪ್ಪು, ಹುಳಿ, ಖಾರ ಕಾಕಾಗೆ ನಾಲಿಗೆಯಲ್ಲಿ ತಿಳಿಯುತ್ತಿತ್ತು. ಹಳಸಿದ್ದು ಮಾತ್ರ ತಿಳಿಯುತ್ತಿರಲಿಲ್ಲ. ಹುಣಸೆಹುಳಿ ಯಾವುದು, ಹಳಸಿದ ಹುಳಿ ಯಾವುದು ಅವರಿಗೆ ಬೇರೆಯಾಗುತ್ತಿರಲಿಲ್ಲ.

ಎರಡು ವರ್ಷ ಟ್ಯಾಂಕಿಗಿಳಿಸುವ ಕೊಕ್ಕೆಯ ಚೌಕಟ್ಟಿಗೆ, ಅಂದರೆ ಜಿಗ್ಗಿಗೆ, ಪೀಸು ನೇತುಹಾಕುವ ಕೆಲಸ ಮಾಡಿದ ಮೇಲೆ ನನ್ನನ್ನು ಕ್ರೋಮಿಗೆ ಹಾಕಿದರು. ಆಪರೇಟರ್ ಅಂತ ಹೆಸರು ಬಂತು. ಸಂಬಳವೂ ಹೆಚ್ಚು. ಓದು ಬಿಟ್ಟವನು ಅಂತ ಊರಲ್ಲಿ ಆಡಿಕೊಂಡವರಿಗೆಲ್ಲ ಹೇಳಿ ಕಳಿಸಿದೆ. ಕಾಕಾಗೆ ಹೇಳಿದಾಗ ಮಾತ್ರ ಅವರು ಸೌಟು ಕೆಳಗಿಟ್ಟರು.

"ಬ್ಯಾಡ ತಮ್ಮಾ. ಆ ಟ್ಯಾಂಕ್ ಬ್ಯಾಡ."

"ಮುಖಕ್ಕೆ ಒದ್ದೆ ಬಟ್ಟೆ ಕಟ್ಕೊಂಡು ಮಾಡ್ತೀನಿ ಕಾಕಾ. ಮೂಗಿಗೆ ಕೊಬ್ರಿ ಎಣ್ಣೆ ಹಚ್ಕೋತೀನಿ."

"ನಾ ಏನ್ ಹಚ್ಕೊಂಡಿದ್ದಿಲ್ಲ ಅಂತ ತಿಳ್ದಿ?"

ನಾನು ಕೇಳಲಿಲ್ಲ. ಕೇಳಿದ್ದರೂ ಬೇರೆ ಕೆಲಸ ಯಾವುದಿತ್ತು? ಸಾಯಂಕಾಲ ಮೂಗಿನಿಂದ ರಕ್ತದ ಹಕ್ಕಳೆ ಬರುತ್ತಿತ್ತು. ಆ ಸಾಲಿನಲ್ಲಿ ಎಲ್ಲರಿಗೂ ಬರುತ್ತಿತ್ತು. ಗಂಟಲಿಗೆ ಒಳ್ಳೆಯದು ಅಂತ ಮಾಲೀಕರು ಅಚ್ಚು ಬೆಲ್ಲ ಹಂಚುತ್ತಿದ್ದರು, ತಿಂದು ಮನೆಗೆ ಬರುತ್ತಿದ್ದೆವು.

ಅದಾಗಿ ಒಂದೆರಡು ವರ್ಷಕ್ಕೆ ಚಿಗವ್ವನಿಗೆ ಕಾಮಾಲೆಯಾಯಿತು. ಊರಿನ ಔಷಧಿ, ಇಲ್ಲಿನ ಔಷಧಿ ಎರಡೂ ಆಯಿತು... ಉಳಿಯಲಿಲ್ಲ. ಕಾಕಾಗೆ ಮಕ್ಕಳಿರಲಿಲ್ಲ. ಗಾಡಿ ಬಿಟ್ಟು ಬೇರೆ ಗೊತ್ತಿರಲಿಲ್ಲ, ಊರಿಗೆ ಹೋಗಿ ನಿಲ್ಲಲು ಮನೆಯ ಗೋಡೆಯೂ ಉಳಿದಿರಲಿಲ್ಲ. ತಿಥಿ ಮುಗಿದ ಮೇಲೆ ಒಂದು ಬೆಳಗ್ಗೆ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ಬಟಾಣಿಯ ಪಾತ್ರೆ.

"ಒಂದೀಟು ಮೂಗು ಹಚ್ಚಿ ಹೇಳೋ ತಮ್ಮಾ. ನಿನ್ ಮೂಗು ಇನ್ನೂ ಹರೇದ್ದೈತಿ."

ನಾನು ಬಗ್ಗಿ ಮೂಸಿದೆ. "ಸರಿಯಾಗೈತೆ ಕಾಕಾ" ಅಂದೆ. ಅವರು ಪಾತ್ರೆಯನ್ನು ಎದೆಗವುಚಿಕೊಂಡು ಒಗ್ಗರಣೆಗೆ ಓಡಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ಡ್ಯೂಟಿಗೆ ಹೋಗುವ ಮುಂಚೆ ನಾನು ಮೂಸಬೇಕು, ಹೂಂ ಅನ್ನಬೇಕು. ಪೀಣ್ಯದ ಅಷ್ಟು ಜನ ನನ್ನ ಹೂಂ ಮೇಲೆ ತಿನ್ನುತ್ತಾರಲ್ಲ ಅಂತ ನನಗೊಂದು ಗತ್ತು. ಚಳಿಗಾಲವೆಲ್ಲ ಹಾಗೇ ನಡೆಯಿತು. ಒಂದು ದಿನವೂ ಬಟಾಣಿ ಕೆಡಲಿಲ್ಲ.

ಬೇಸಿಗೆ ಬಂತು. ಸಿಮೆಂಟ್ ಶೀಟಿನ ವಠಾರ, ಒಳಗೆ ಇಟ್ಟ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತಿತ್ತು. ಅವತ್ತೂ ಕಾಕಾ ಪಾತ್ರೆ ತಂದರು, ನಾನು ಮೂಸಿದೆ, ಹೂಂ ಅಂದೆ. ಬಟಾಣಿ ಬಟಾಣಿಯ ಹಾಗೇ ಇತ್ತು.

ನಿಂಬೆ, ಈರುಳ್ಳಿ, ಖಾರದ ನಡುವೆ ಮೊದಲು ತಿಂದವರಿಗೆ ತಿಳಿಯಲಿಲ್ಲ. ಹಸಿವೂ ಹಾಗಿರುತ್ತದೆ. ಒಬ್ಬರಿಬ್ಬರು ಉಗಿದರು, ಏನೋ ಒಂಥರಾ ಇದೆ ಅಂದುಕೊಂಡು ದೊನ್ನೆ ಬಿಸಾಡಿ ಹೋದರು. ಮಧ್ಯಾಹ್ನದ ಹೊತ್ತಿಗೆ ಎದುರಿನ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ವಾಂತಿ ಶುರುವಾಯಿತು. ಕೆಲವರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಗಲಾಟೆ ಕೇಳಿ ನಾನು ಟ್ಯಾಂಕು ಬಿಟ್ಟು ಗೇಟಿಗೆ ಬರುವಷ್ಟರಲ್ಲಿ ಶೆಡ್ಡಿನವರು ಪಾತ್ರೆಯನ್ನು ರಸ್ತೆಗೆ ಬೋರಲು ಹಾಕಿದ್ದರು.

"ವಯಸ್ಸಾದೋನು ಅಂತ ಕೈ ಮಾಡ್ಲಿಲ್ಲ. ನಾಳೆಯಿಂದ ಇಲ್ಲಿ ಕಾಣ್ಬಾರ್ದು" ಅಂದರು ಅವರಲ್ಲೊಬ್ಬರು. ಸುತ್ತ ನಿಂತವರೆಲ್ಲ ಟವಲ್ಲಿನಿಂದ ಮೂಗು ಮುಚ್ಚಿಕೊಂಡಿದ್ದರು.

ನನಗೆ ಕೋಪ ಬಂತು. "ಬೆಳಗ್ಗೆ ನಾನೇ ಮೂಸಿದೀನಿ ಗುರು. ಚೆನ್ನಾಗೇ ಇತ್ತು. ಈಗ್ಲೂ ಚೆನ್ನಾಗೇ ಐತಲ್ಲ" ಅಂದೆ.

ಅವರೆಲ್ಲ ಮೂಗು ಮುಚ್ಚಿಕೊಂಡೇ ನನ್ನನ್ನು ನೋಡಿದರು. ಕಾಕಾ ನೆಲದಿಂದ ಒಂದು ಬೊಗಸೆ ಬಟಾಣಿ ಬಾಚಿ ನನ್ನ ಮುಖದ ಹತ್ತಿರ ಹಿಡಿದರು.

"ಏನ್ ವಾಸನಿ ಬರ್ತೈತಿ, ಹೇಳು."

"ಬಟಾಣಿ ವಾಸನೆ, ಕಾಕಾ."

"ಶುಂಠಿ ಬರ್ತೈತೇನು?"

"ಹೂಂ."

"ನಾ ಇವತ್ತ ಶುಂಠಿ ಹಾಕಿಲ್ಲೋ ತಮ್ಮಾ. ಮನ್ಯಾಗ ಇದ್ದಿಲ್ಲ."

ಅವರ ಬೆರಳ ಸಂದಿಯಿಂದ ಬಟಾಣಿ ನನ್ನ ಶರಟಿನ ಮೇಲೆ ಜಾರುತ್ತಿತ್ತು. ನಾನು ಮತ್ತೆ ಮತ್ತೆ ಉಸಿರೆಳೆದೆ. ಏನೂ ಇರಲಿಲ್ಲ. ಯಾವಾಗ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಕಣ್ಣು ಹೋದರೆ ಕತ್ತಲಾಗುತ್ತದೆ, ಮೂಗು ಹೋದರೆ ಏನೂ ಆಗುವುದಿಲ್ಲ. ದಿನವೂ ಕಂಡ ಬಟಾಣಿ, ನೆನಪಿನಲ್ಲಿದ್ದ ವಾಸನೆ... ನಾನು ಅದನ್ನೇ ಮೂಸುತ್ತಿದ್ದೆ. ಆ ಚಳಿಗಾಲದಲ್ಲಿ ಬಟಾಣಿಯನ್ನು ಕಾದದ್ದು ಚಳಿ, ನಾನಲ್ಲ.

ಕಾಕಾ ನನಗೆ ಬೈಯಲಿಲ್ಲ. ಕೈ ಝಾಡಿಸಿ, "ನಿನ್ನೂ ತಿಂತಲ್ಲೋ ಆ ಟ್ಯಾಂಕ್" ಅಂದರು. ಗಾಡಿ ಹೋದದ್ದಕ್ಕೆ ಬರದ ಅಳು ಅವರಿಗೆ ಆಗ ಬಂತು.

ಆಮೇಲೆ ಯಾವ ಗೇಟಿನ ಮುಂದೆಯೂ ಅವರಿಗೆ ಜಾಗ ಕೊಡಲಿಲ್ಲ. ಪೀಣ್ಯದಲ್ಲಿ ಇಂಥ ಸುದ್ದಿ ಒಂದು ಶಿಫ್ಟಿನಲ್ಲಿ ಎಲ್ಲ ಕಡೆ ಮುಟ್ಟುತ್ತದೆ. ಕೆಲವು ತಿಂಗಳು ಗೋಡೌನೊಂದನ್ನು ಕಾಯುವ ಕೆಲಸ ಮಾಡಿದರು. ಅಲ್ಲಿ ಯಾವುದೋ ವೈರು ಸುಟ್ಟ ವಾಸನೆ ಅವರಿಗೆ ಬಡಿಯಲಿಲ್ಲ ಅಂತ ಅದೂ ಹೋಯಿತು. ಒಂದು ಭಾನುವಾರ ನಾನು ಊರಿಗೆ ಹೋಗಿ ಬರುವಷ್ಟರಲ್ಲಿ ಅವರ ರೂಮಿನಲ್ಲಿ ಬೇರೆ ಸಂಸಾರವಿತ್ತು. ಗದಗಕ್ಕೆ ಹೋದರು ಅಂದರು ಒಬ್ಬರು. ನೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದನ್ನು ನೋಡಿದೆ ಅಂದರು ಇನ್ನೊಬ್ಬರು. ನಾನು ಎರಡು ಕಡೆಯೂ ಹುಡುಕಿದೆ...

ಬಟಾಣಿ ರಸ್ತೆಗೆ ಬಿದ್ದ ಮಾರನೆಯ ದಿನ ಡ್ಯೂಟಿಗೆ ಹೋದೆನಾ ಅಂತ ನನ್ನ ಮಗಳು ಒಮ್ಮೆ ಕೇಳಿದಳು. ಹೋದೆ. ಅದೇ ಟ್ಯಾಂಕಿನ ಮುಂದೆ ಇನ್ನೂ ಏಳು ವರ್ಷ ನಿಂತೆ. ಹೋದದ್ದು ಹೇಗೂ ಹೋಗಿತ್ತು. ನನ್ನ ನಂತರ ಅಲ್ಲಿ ನಿಂತವನಿಗೂ ನಾನು ಬೇಡ ಕಣೋ ಅಂದೆ. ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೇನೆ ಅಂದ.

ಯಾರ ಮುಂದೆಯೂ ಕೈಯೊಡ್ಡದೆ ಬದುಕಿದ್ದೇನೆ. ಈಗ ನನಗಿರುವುದು ಒಂದು ಸ್ವಂತ ಮನೆ, ಬಾಡಿಗೆ ಶೆಡ್ಡಿನಲ್ಲಿ ಎರಡು ಬಫಿಂಗ್ ಮೆಷಿನ್ನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎರಡು ಕಣ್ಣು, ಎರಡು ಕಿವಿ, ಮೂಗಿನ ಒಳಗೋಡೆಯಲ್ಲಿ ಒಂದು ತೂತು.