ಸಾಗುವಾನಿ ಬಾಗಿಲು ಕೊಟ್ಟು ಹುಡುಕಿದ ಮಾತ್ರೆ

ಕಾಯಿಲೆ ಬಗ್ಗೆ ಹುಡುಕುವ ಈ ವಿದ್ಯೆಗೆ ನನಗೆ ತಗುಲಿದ ಖರ್ಚು ಒಂದು ಸಾಗುವಾನಿ ಬಾಗಿಲು. ಗಿರಾಕಿ ಹೇಳಿದ ರೇಟಿಗೇ ಕೊಟ್ಟುಬಿಟ್ಟೆ. ನನ್ನ ಜೀವಮಾನದಲ್ಲಿ ಅದು ಮೊದಲ ಸಲ. ಅದು ಒರಗಿದ್ದ ಜಾಗದಲ್ಲಿ ಅಂಗಡಿಯ ಗೋಡೆ ಇನ್ನೂ ಬೆಳ್ಳಗಿದೆ, ಸುತ್ತ ಧೂಳಿನ ಚೌಕಟ್ಟು. ಬೆಳಿಗ್ಗೆ ಷಟರ್ ಎತ್ತಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯಾಕೆ ಕೊಟ್ಟೆ ಅಂತ ಕೇಳುತ್ತೀರಿ. ಹೇಳುತ್ತೇನೆ, ಆದರೆ ಮೊದಲು ನನ್ನ ಸ್ವಭಾವ ನಿಮಗೆ ಗೊತ್ತಾಗಬೇಕು.

ಯಲಹಂಕದಿಂದ ಅಲ್ಲಾಳಸಂದ್ರಕ್ಕೆ ಹೋಗುವ ದಾರಿಯಲ್ಲಿ ನನ್ನದು ಹಳೇ ಬಾಗಿಲು ಕಿಟಕಿಗಳ ಅಂಗಡಿ. ಕೆಡವುವ ಮನೆಗಳಿಂದ ತರುತ್ತೇನೆ, ಕಟ್ಟುವ ಮನೆಗಳಿಗೆ ಮಾರುತ್ತೇನೆ. ನನಗೆ ಮುಂಬಾಗಿಲು ಬೇಕಿದ್ದರೆ ಮೊದಲು ಬಚ್ಚಲ ಕಿಟಕಿಯ ಬೆಲೆ ಕೇಳುತ್ತೇನೆ. ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ, "ಅಂದಂಗೆ ಆ ಬಾಗಿಲು ಏನ್ ಮಾಡ್ತೀರಾ?" ಬೇಕಾದ್ದನ್ನು ಬೇಕು ಅನ್ನದೆಯೇ ನಾನು ಮೇಲೆ ಬಂದವನು.

ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯಲ್ಲಿರುವ ನನ್ನಕ್ಕ ಹೂ ಕಟ್ಟಿ ನನ್ನನ್ನು ಸಾಕಿದವಳು. ಮಾತಾಡುತ್ತಲೇ, ಬೆರಳು ನೋಡದೆಯೇ, ಮೊಳಗಟ್ಟಲೆ ಕಟ್ಟುತ್ತಿದ್ದಳು. ಹೋದ ವರ್ಷ ಆ ಬೆರಳು ನಡುಗಲು ಶುರುವಾಯಿತು. ದಾರದ ಕುಣಿಕೆ ಬೀಳುವ ಮುಂಚೆಯೇ ಮಲ್ಲಿಗೆ ಉದುರುತ್ತಿತ್ತು. ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿನ ಕಾಯಿಲೆ ಇರಬಹುದು, ಜೀವನಪೂರ್ತಿ ಮಾತ್ರೆ ಬೇಕಾಗಬಹುದು ಅಂದರು. ಆಮೇಲೆ ಕೇಳಿದರು: "ಈಗ ಬೇರೆ ಏನಾದ್ರೂ ಮಾತ್ರೆ ತಗೋತಿದಾರಾ?"

"ಬಿ.ಪಿ.ದು ಅಷ್ಟೇ ಸಾರ್."

ಅಕ್ಕ ನನ್ನ ಮುಖ ನೋಡಿದಳು. ತಮ್ಮ ಹೇಳಿದ್ದೇ ಸರಿಯಿರಬೇಕು ಅಂದುಕೊಂಡಳು.

ಸರಿಯಿರಲಿಲ್ಲ. ತಲೆಸುತ್ತಿಗೆ ಅಂತ ಯಾವುದೋ ಡಾಕ್ಟರು ಹದಿನೈದು ದಿನಕ್ಕೆ ಬರೆದಿದ್ದ ಮಾತ್ರೆಯನ್ನು, ಅದೇ ಹಳೇ ಚೀಟಿ ತೋರಿಸಿ, ವರ್ಷಕ್ಕೂ ಮೇಲೆ ನಾನೇ ತಂದುಕೊಡುತ್ತಿದ್ದೆ. ಪ್ರತಿ ಸಲ ಡಾಕ್ಟರ ಫೀಸು ಉಳಿಯಿತು ಅಂತ ಹಿಗ್ಗುತ್ತಿದ್ದೆ. ನಡುಕ ಅದರಿಂದಲೇ ಇರಬಹುದೇ ಅಂತ ಈಗ ಅನುಮಾನ ಬಂದಿತ್ತು, ಹೇಳಲು ಬಾಯಿ ಬರಲಿಲ್ಲ.

ಆ ಸಾಗುವಾನಿ ಬಾಗಿಲಿಗೆ ಎರಡು ಸಲ ಬಂದು ಚೌಕಾಸಿಯಲ್ಲಿ ಸೋತು ಹೋಗಿದ್ದವರು ಶ್ವೇತಾ ಮೇಡಂ. ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿಸುತ್ತಿದ್ದರು. ಕೆಲಸ ಹೆಬ್ಬಾಳದ ಕಡೆ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ. ಪ್ರಪಂಚದ ವೈದ್ಯಕೀಯ ಲೇಖನಗಳನ್ನು ಹುಡುಕಿಕೊಡುವ ಕೆಲಸ ಅಂತ ಮಾತಿನ ಮಧ್ಯೆ ಹೇಳಿದ್ದು ನೆನಪಿತ್ತು. ಫೋನ್ ಮಾಡಿದೆ. "ಬಾಗಿಲು ನಿಮ್ಮ ರೇಟಿಗೇ ತಗೊಳ್ಳಿ ಮೇಡಂ. ನನಗೊಂದು ಅರ್ಧ ಗಂಟೆ ಕೊಡಿ."

ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು ನಾನು ಬರೆಸಿದ್ದು ಮೂರೇ: ನಡುಕ, ವಯಸ್ಸಾದ ಹೆಂಗಸು, ಚಿಕಿತ್ಸೆ. ಅವರು ಇಂಗ್ಲಿಷಿನಲ್ಲಿ ಒತ್ತಿದರು. ಲೇಖನಗಳು ಬಂದವು, ಬಂದವು, ಪುಟ ತಿರುವಿದಷ್ಟೂ ಬಂದವು. ಯಾವುದನ್ನು ಅಂತ ಓದುವುದು?

"ನೀವ್ ಹೇಳಿದ್ದನ್ನ ಇದು ಹೆಂಗ್ ಓದ್ಕೊಂಡಿದೆ ನೋಡಿ ಅಂಕಲ್," ಎಂದು ಪರದೆಯ ಮೇಲೆ ಇನ್ನೊಂದು ಚೌಕ ತೆರೆದರು. ನನ್ನ ಮೂರು ಮಾತು ಅಲ್ಲಿ ಇಷ್ಟುದ್ದ ಬೆಳೆದಿತ್ತು. ನಡುಕಕ್ಕೆ ಅದರ ಬೇರೆ ಬೇರೆ ಹೆಸರು, ಬಗೆ. ಹೆಂಗಸು ಒಂದು ಕಡೆ, ವಯಸ್ಸು ಇನ್ನೊಂದು ಕಡೆ. ಚಿಕಿತ್ಸೆಯ ಹಿಂದೆ ಒಂದು ದಿಬ್ಬಣವೇ.

"ನಾನ್ ಇದನ್ನೆಲ್ಲ ಹೇಳೇ ಇಲ್ವಲ್ಲ ಮೇಡಂ?"

"ಒಂದೇ ಕಾಯಿಲೆಗೆ ಜನ ಹತ್ತು ಹೆಸರು ಬರೀತಾರೆ. ಅದಕ್ಕೆ ಎಲ್ಲಾನೂ ಒಂದು ತಲೆಬರಹದ ಕೆಳಗೆ ಸೇರಿಸಿ ತರುತ್ತೆ."

"ನನ್ ಥರ ಅನ್ನಿ. ಹಳೇ ಮರದ ಬಾಗಿಲು ಅಂತ ಬಂದ್ರೆ ಸಾಗುವಾನಿ, ಹಲಸು, ಹೊನ್ನೆ ಎಲ್ಲಾ ತೋರಿಸ್ತೀನಿ."

"ನೀವು ಗಿರಾಕಿ ಮುಖ ನೋಡ್ತೀರಾ, ಇದು ನೋಡಲ್ಲ. ಕಿಟಕಿ ಅಂದ್ರೆ ಊರಿನ ಕಿಟಕಿನೆಲ್ಲ ತರುತ್ತೆ. ನಿಮಗೆ ಬಾಗಿಲು ಬೇಕಿತ್ತು ಅಂತ ಅದಕ್ಕೇನ್ ಗೊತ್ತು?"

ಅವರು ಸುಮ್ಮನೆ ಹೇಳಿದ್ದೋ, ನನ್ನ ಬುದ್ಧಿ ಕಂಡೇ ಹೇಳಿದ್ದೋ, ಇವತ್ತಿಗೂ ತಿಳಿದಿಲ್ಲ. ನನ್ನ ಪದಗಳ ಎರಡೂ ಪಕ್ಕ ಉದ್ಧರಣ ಚಿಹ್ನೆ ಹಾಕಿ ತೋರಿಸಿದರು. ಆಗ ಅದು ತಾನಾಗಿ ಏನನ್ನೂ ಸೇರಿಸುವುದಿಲ್ಲವಂತೆ, ಬರೆದದ್ದಷ್ಟನ್ನೇ ಹುಡುಕುತ್ತದಂತೆ. ನಾಲ್ಕೇ ಲೇಖನ ಉಳಿದವು. ಅದು ಊಹಿಸಿದರೆ ಕಾಡು, ಊಹಿಸದಿದ್ದರೆ ಬಯಲು. ಈ ಅಂಗಡಿಯಲ್ಲಿ ವ್ಯಾಪಾರ ಮಾಡುವುದು ಹೇಗೆ?

"ಜೇಬಲ್ಲಿ ಏನದು?" ಅಂದರು. ಕನ್ನಡಕದ ಪಕ್ಕ ಆ ತಲೆಸುತ್ತಿನ ಮಾತ್ರೆಯ ಹಾಳೆ, ಅದೇ ಸ್ಟ್ರಿಪ್ಪು, ಇಣುಕುತ್ತಿತ್ತು. ಅಂಗಡಿಯಿಂದ ಹೊರಟವನು ಅದನ್ನು ಯಾಕೆ ಇಟ್ಟುಕೊಂಡೆನೋ! ಮುಂಭಾಗದ ದೊಡ್ಡಕ್ಷರದ ಹೆಸರು ಬರೆಸಿದೆ. ಕಂಪ್ಯೂಟರು ಅಂಥದ್ದು ಗೊತ್ತಿಲ್ಲ ಅಂದಿತು. ಸಮಾಧಾನವಾಯಿತು ಅಂದರೆ ನಂಬಿ. ಮೇಡಂ ಹಾಳೆ ತಿರುವಿ, ಹಿಂದಿನ ಸಣ್ಣಕ್ಷರದಲ್ಲಿದ್ದ ಔಷಧದ ನಿಜವಾದ ಹೆಸರು ಒತ್ತಿದರು, ಪಕ್ಕದಲ್ಲಿ ನಡುಕ ಸೇರಿಸಿದರು. ಬಂದದ್ದು ಸ್ವಲ್ಪವೇ, ಎಲ್ಲವೂ ಅದೇ ವಿಷಯ. ಈ ಮಾತ್ರೆಯಿಂದ ನಡುಕ ಬರಬಹುದು. ನಿಲ್ಲಿಸಿದರೆ ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ; ಇನ್ನು ಕೆಲವರಿಗೆ ಕಾಯಿಲೆ ಮೊದಲೇ ಒಳಗಿತ್ತು. ಅಕ್ಕ ಯಾವ ಗುಂಪು ಅಂತ ಕೇಳಿದೆ.

"ಅದನ್ನ ಇದು ಹೇಳಲ್ಲ ಅಂಕಲ್. ಡಾಕ್ಟ್ರಿಗೆ ಈ ಮಾತ್ರೆ ವಿಷಯ ಹೇಳಿದೀರಾ?"

ಮಾರನೆಯ ದಿನ ಡಾಕ್ಟರ ಮೇಜಿನ ಮೇಲೆ ಮೊದಲು ಆ ಹಾಳೆ ಇಟ್ಟೆ, ಆಮೇಲೆ ಕೂತೆ. ಅವರು ತಿರುವಿ ನೋಡಿದರು. "ಇದನ್ನ ಕೇಳಿದ್ದೆನಲ್ಲ ನಾನು?" ಅಂದರು, ಅಷ್ಟೇ. ಅದನ್ನು ನಿಲ್ಲಿಸಿದರು. ಹೊಸದನ್ನು ಈಗಲೇ ಶುರುಮಾಡುವುದು ಬೇಡ, ಕೆಲವು ತಿಂಗಳು ನೋಡೋಣ, ಈ ಮಾತ್ರೆಯಿಂದಲೇ ಅಂತ ಈಗಲೇ ಹೇಳಲಾಗದು ಅಂದರು.

ಹೊರಗೆ ಬಂದ ಮೇಲೆ ಅಕ್ಕ, "ಅದಕ್ಯಾಕ್ಲಾ ಇಂಗ್ ಮುಖ ಮಾಡ್ಕಂಡಿದೀಯ? ನೀನ್ ತಂದ್ಕೊಟ್ಟೆ, ನಾನ್ ನುಂಗ್ದೆ. ಅವತ್ತೇ ಏಳ್ಬಾರ್ದಿತ್ತಾ?" ಅಂದಳು.

ಹೋದ ಭಾನುವಾರ ಒಂದು ಮೊಳ ಮಲ್ಲಿಗೆ ಕಟ್ಟಿದಳು. ಎರಡು ಕಡೆ ಸಡಿಲ, ಮೂರು ಹೂ ಉದುರಿತು. "ಏನ್ಲಾ ಬೆರಳ್ನೇ ನೋಡ್ತಿದೀಯ, ರೇಟ್ ಕಟ್ತಿದೀಯಾ?" ಅಂತ ನಕ್ಕಳು. ನಡುಕ ಇಳಿದಿದೆಯೋ, ಇಳಿಯಲಿ ಅನ್ನುವ ನನ್ನ ಆಸೆಯೇ ಹಾಗೆ ಕಾಣಿಸುತ್ತಿದೆಯೋ, ಗೊತ್ತಾಗುತ್ತಿಲ್ಲ. ಆ ಮಾಲೆ ತಂದು ಅಂಗಡಿ ಗೋಡೆಯ ಬೆಳ್ಳಗಿನ ಜಾಗದಲ್ಲೇ ಮೊಳೆಗೆ ಹಾಕಿದ್ದೇನೆ.

ನನ್ನ ಮಾತು ಕೇಳಿ. ಕಾಯಿಲೆ ಬಗ್ಗೆ ಹುಡುಕಿದರೆ, ಉತ್ತರ ಓದುವ ಮುಂಚೆ ನಿಮ್ಮ ಪ್ರಶ್ನೆಯನ್ನು ಅದು ಹೇಗೆ ಓದಿಕೊಂಡಿದೆ ನೋಡಿ. ಮಾತ್ರೆಯ ಹಾಳೆ ತಿರುವಿ ಸಣ್ಣಕ್ಷರದ ಹೆಸರು ಹಾಕಿ. ಓದಿದಿರಿ ಅಂತ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಚಪ್ಪಲಿ ಮೆಟ್ಟುವಾಗ ಹೇಳೋಣ ಅಂತ ಇಟ್ಟುಕೊಂಡ ಮಾತನ್ನು ಡಾಕ್ಟರ ಮುಂದೆ ಕೂರುವ ಮೊದಲೇ ಹೇಳಿಬಿಡಿ. ನನ್ನ ಅಂಗಡಿಗೆ ಬಂದಾಗ ಮಾತ್ರ, ಬಾಗಿಲು ಬೇಕಿದ್ದರೂ ಮೊದಲು ಕಿಟಕಿ ಕೇಳಿ.