ಹಾಲವಾಣದ ಬೇರಿನ ಗಂಟು

ನನ್ನ ಮೇಜಿನ ಮೇಲೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟ ಒಂದು ಹಿಡಿ ಬೇರು ಇದೆ. ಹಸಿಮಣ್ಣಿನ ವಾಸನೆ ಇನ್ನೂ ಆರಿಲ್ಲ. ಕಳೆದ ವಾರ ಮಚ್ಛೆಯ ಕಡೆಯ ರೈತರೊಬ್ಬರು, ನಾನು ಕೆಲಸ ಮಾಡುವ ಬೆಳಗಾವಿಯ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಅದನ್ನು ತಂದು, "ಬದುವಿನ ಹಾಲವಾಣದ ಗಿಡಕ್ಕ ಗಂಟ ರೋಗ ಬಂದೈತ್ರೀ ಮೇಡಮ್ಮಾರ. ಕಡದ ಬಿಡ್ಲೇನ್ರಿ?" ಎಂದು ಕೇಳಿದರು. ನಾನು ಒಂದು ಗಂಟನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ನಸುಗೆಂಪು. "ಇದು ರೋಗವಲ್ಲ, ಕಡಿಯಬೇಡಿ" ಎಂದೆ. ಅವರು ನಿಶ್ಚಿಂತರಾಗಿ ಹೋದರು. ನನಗೆ ಮಾತ್ರ ಮಧ್ಯಾಹ್ನದ ಊಟ ಸೇರಲಿಲ್ಲ. ಓದುಗರೇ, ಇದೇ ಪ್ರಶ್ನೆಗೆ ಹತ್ತು ವರ್ಷಗಳ ಹಿಂದೆ ನಾನು ಬೇರೆಯದೇ ಉತ್ತರ ಕೊಟ್ಟಿದ್ದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಒಂದು ರಜೆಯ ಅರ್ಜಿ ಬರೆದರೂ ಅಲ್ಪಪ್ರಾಣ, ಮಹಾಪ್ರಾಣಗಳನ್ನು ಮೂರು ಸಲ ಪರೀಕ್ಷಿಸುವ ಅಭ್ಯಾಸ ನನಗೆ ಈಗಲೂ ಇದೆ. ತಪ್ಪಿದರೆ ಇಡೀ ಮನೆತನವೇ ನಗೆಪಾಟಲಾದೀತೆಂಬ ಭಯ.

ನಮ್ಮೂರು ಗುಂಜಿಯಲ್ಲಿ ದೊಡ್ಡವ್ವನ ಭತ್ತದ ಗದ್ದೆ. ಅದರ ಬದುವಿನ ಮೇಲೆ ಏಳು ಹಾಲವಾಣದ ಮರಗಳಿದ್ದವು. ನಾಟಿಗೆ ಮುಂಚೆ ಮುಳ್ಳುಕೊಂಬೆಗಳನ್ನು ಕಡಿದು, ಎಲೆಯನ್ನಷ್ಟೇ ಬಿಡಿಸಿ ಕೆಸರಿಗೆ ಹಾಕಿ, ಎಲ್ಲರೂ ಸಾಲಾಗಿ ನಿಂತು ತುಳಿಯುತ್ತಿದ್ದೆವು. ಕೊಳೆತ ಎಲೆಯ ಆ ವಾಸನೆಗೆ ನಾನು ಮೂಗು ಮುಚ್ಚಿದರೆ ದೊಡ್ಡವ್ವ, "ಅನ್ನ ಉಣ್ಣೂವಾಗ ಮುಚ್ಚೂದಿಲ್ಲಲಾ?" ಎನ್ನುತ್ತಿದ್ದಳು.

ನಾನು ಪದವಿಯ ಎರಡನೆಯ ವರ್ಷದಲ್ಲಿದ್ದಾಗ, ಬದು ಸರಿಪಡಿಸುತ್ತಿದ್ದ ಕಾಕಾನ ಗುದ್ದಲಿಗೆ ಒಂದು ಬೇರು ಸಿಕ್ಕಿತು, ಮೈತುಂಬ ಗಂಟು. "ಏನವಾ ಡಿಗ್ರಿ ಬಾಯಿ, ಗಿಡದ ನಾಡಿ ಹಿಡ್ಯಾಕ ಬರತೈತೇನ ನಿನಗ?" ಎಂದು ಕಾಕಾ ನಾಲ್ಕು ಜನರೆದುರು ಕೆಣಕಿದ. ಗಂಟುಬೇರಿನ ರೋಗವನ್ನು ನಾನು ಆಗಷ್ಟೇ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. "ಇದು ಜಂತುಹುಳುವಿನ ಬಾಧೆ. ಬೆಳೆಗೂ ಹರಡುತ್ತದೆ. ಮರಗಳನ್ನು ತೆಗೆಯುವುದು ಉಚಿತ" ಎಂದು ಪುಸ್ತಕದ ಕನ್ನಡದಲ್ಲೇ ತೀರ್ಪಿತ್ತೆ.

ದೊಡ್ಡವ್ವ ಬೇರನ್ನು ಕಸಿದುಕೊಂಡಳು. "ಉಗುರಿಲೆ ಉಜ್ಜಿ ನೋಡು, ಹಂಗs ಉದರತೈತಿ. ರೋಗದ ಗಂಟ ಹಿಂಗ ಬಿಡತೈತೇನ? ಒಳಗ ನೋಡು, ರಗತ ಇದ್ದಂಗ ಕೆಂಪ ಐತಿ. ಜೀವಂತ ಐತಿ."

"ಕೆಂಪಾಗಿರುವುದೇ ರೋಗದ ಲಕ್ಷಣ" ಎಂದೆ. ಅದನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

"ಕಲತಾಕಿ ಹೇಳಿದ ಮ್ಯಾಲ ಮುಗೀತು" ಎಂದ ಕಾಕಾ. ವಾರದೊಳಗೆ ಏಳೂ ಮರಗಳು ಉರುಳಿದವು. ಸುದ್ದಿ ಕೇಳಿ ಬಾಜೂ ಹೊಲದ ಹುಸೇನಕಾಕಾ ತನ್ನ ಬದುವಿನ ಐದನ್ನೂ ಕಡಿಸಿದ.

ಅದೇ ವರ್ಷದ ಚಳಿಗಾಲದಲ್ಲಿ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಸ್ತರರು ಅಂಥದೇ ಗಂಟನ್ನು ಸೀಳಿ ತೋರಿಸಿದರು. ಗಾಳಿಯಲ್ಲಿ ಹೇರಳವಾಗಿದ್ದರೂ ಭತ್ತಕ್ಕೆ ನೇರವಾಗಿ ಎಟುಕದ ಸಾರಜನಕವನ್ನು ಅದರೊಳಗಿನ ಬ್ಯಾಕ್ಟೀರಿಯಾಗಳು ಹಿಡಿದು ಮರಕ್ಕೆ ಕೊಡುತ್ತವೆ. ಮರ ಎಲೆಗೆ, ಎಲೆ ಕೆಸರಿಗೆ, ಕೆಸರು ಪೈರಿಗೆ. ಒಳಗಿನ ಕೆಂಪು, ಆ ಕೆಲಸ ನಡೆಯುತ್ತಿರುವುದರ ಗುರುತು. ನಾನು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಮಾಸ್ತರರಿಂದ ಮೆಚ್ಚುಗೆ ಪಡೆದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ದೊಡ್ಡವ್ವ ಫೋನಿನಲ್ಲಿ "ಭತ್ತ ಯಾಕೋ ಬಿಳಚಿಕೊಂಡೈತಿ" ಎಂದಾಗ, ಯೂರಿಯಾ ಹಾಕಲು ಸಲಹೆ ನೀಡಿದೆ.

ಮೊನ್ನೆ ರವಿವಾರ ಈ ಬೇರನ್ನು ಹಿಡಿದುಕೊಂಡೇ ಗುಂಜಿಗೆ ಹೋದೆ. ದೊಡ್ಡವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಮೊರ ನಿಲ್ಲಲಿಲ್ಲ.

"ಅವತ್ತs ನಾ ಹೇಳಿದ್ದಿಲ್ಲೇನ?"

"ಹೇಳಿದ್ದಿ, ದೊಡ್ಡವ್ವಾ."

"ನಿನಗ ಯಾವಾಗ ತಿಳೀತು?"

ಮೊನ್ನೆ ಎನ್ನಬಹುದಿತ್ತು; ನಾಲಿಗೆಯ ತುದಿಗೆ ಬಂದೂ ಇತ್ತು. "ಅದs ವರ್ಷ" ಎಂದೆ.

ಮೊರ ನಿಂತಿತು. "ಹತ್ತ ಮಳಿಗಾಲ ಶಗಣಿ ಬುಟ್ಟಿ ಹೊತ್ತೀನವಾ, ಆ ಏಳ ಗಿಡದ ಬದಲಿಗೆ." ಎದ್ದು ಸೆರಗು ಕೊಡವಿದಳು. "ನನ್ನ ಮುಂದ ಅಳಬ್ಯಾಡ. ಹುಸೇನನೂ ಕಡಸ್ಯಾನ. ನಡಿ, ಅವಗೂ ಹೇಳು. ತಿಳಿಯೂಹಂಗ ಹೇಳು."

ಹುಸೇನಕಾಕಾ ಬೇರನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ್ದು ಒಂದೇ: "ಅಂದ್ರ, ನಮ್ಮ ಗಿಡಾ ಚೊಲೊ ಇದ್ದೂ?"

"ಚೊಲೊ ಇದ್ದೂರಿ, ಕಾಕಾ."

ಅವನು ಬೋಳಾದ ಬದುವಿನ ಕಡೆ ನೋಡುತ್ತ ನಿಂತ. ಬೈದಿದ್ದರೆ ಹಗುರವಾಗುತ್ತಿತ್ತು.

ಮರಳಿ ಬಂದಾಗ ದೊಡ್ಡವ್ವ ಹಾಲವಾಣದ ಹಸಿ ಗೂಟಗಳನ್ನು ತರಿಸಿದ್ದಳು. ನೆಟ್ಟರೆ ಚಿಗುರುತ್ತವೆ, ಕಡಿಯುವಷ್ಟು ಎಲೆಯಾಗಲು ಮಾತ್ರ ವರ್ಷಗಳು ಬೇಕು. ಏಳನ್ನೂ ನೆಟ್ಟು ಕೈ ತೊಳೆಯಲು ಹೊರಟ ನನ್ನನ್ನು ತಡೆದು, ತಲೆಯ ಮೇಲೆ ಸಿಂಬಿ ಇಟ್ಟು, ಶಗಣಿ ಬುಟ್ಟಿ ಏರಿಸಿದಳು. "ಇವು ದೊಡ್ಡೂ ಆಗೂತನಕಾ ಇದು ತಪ್ಪಂಗಿಲ್ಲ. ಇನ್ನ ನಿನ್ನ ಪಾಳಿ."

ಎರಡು ಸಲ ತಲೆ ತೊಳೆದರೂ ವಾಸನೆ ಹೋಗಿಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನವರು ಇಂದು ಬೆಳಿಗ್ಗೆ ಕಿಟಕಿ ತೆರೆದರು. ನಾನು ಏನೂ ಸಬೂಬು ಹೇಳಲಿಲ್ಲ. ಬರುವ ರವಿವಾರ ಹುಸೇನಕಾಕಾನ ಬದುವಿಗೆ ಐದು ಗೂಟ ಒಯ್ಯಬೇಕು. ಬುಟ್ಟಿ ಅಲ್ಲಿಯೂ ಇದೆ.